ತೊಳೆಯದೆ ಇಟ್ಟ ಮೈಕು

ಮೈಕು ಕೈಗೆ ಸಿಕ್ಕಿದ ಕೂಡಲೇ ಅದರ ಮೂತಿಗೆ ಉಫ್ ಉಫ್ ಎಂದು ಊದುವವರನ್ನು ಕಂಡರೆ ಮೈಕಣ್ಣನಿಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ಬೆರಳಿನಿಂದ ಟಕ್ ಟಕ್ ಎಂದು ಕುಟ್ಟುವವರು ಅವನ ಲೆಕ್ಕದಲ್ಲಿ ಇನ್ನೂ ಒಂದು ಮೆಟ್ಟಿಲು ಕೆಳಗಿನವರು. ಜಾಲರಿಯ ತಲೆಯನ್ನು ಮುಷ್ಟಿಯಲ್ಲಿ ಅದುಮಿ ಹಿಡಿದು ಹಾಡುವ ಹೊಸ ಕಾಲದ ಹುಡುಗರಂತೂ ಮನುಷ್ಯರ ಸಾಲಿಗೇ ಸೇರುತ್ತಿರಲಿಲ್ಲ. ಸಭೆಯ ಅಧ್ಯಕ್ಷರೇ ಇರಲಿ, ಮದುಮಗಳ ಸೋದರಮಾವನೇ ಇರಲಿ, ಊದಿದರೆಂದರೆ ಇವನು ದನಿ ಹದ ಮಾಡುವ ಮಿಕ್ಸರಿನ ಹಿಂದಿನಿಂದ ಎದ್ದು ಅಷ್ಟುದ್ದ ನಡೆದು ಬಂದು, ಹಲ್ಲು ಕಚ್ಚಿಕೊಂಡೇ ನಕ್ಕು, ಅದಕ್ಕೆ ಕಿವಿ ಚೆನ್ನಾಗಿಯೇ ಕೇಳಿಸುತ್ತದೆ ಸ್ವಾಮಿ, ಮಾತಾಡಿದರೆ ಸಾಕು ಎಂದು ತಿಳಿಹೇಳಿ ಹೋಗುತ್ತಿದ್ದ. ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೂ ಒಂದಿತ್ತು. ಬ್ಯಾಂಕಿನವರನ್ನು ಬಿಟ್ಟರೆ ಅದನ್ನು ಯಾರೂ ಬಳಸುತ್ತಿರಲಿಲ್ಲ.

ಕಾರ್ಯಕ್ರಮಗಳಿಗೆ ಧ್ವನಿವರ್ಧಕ ಹಾಕಿಕೊಡುವುದು ಅವನ ಕಸುಬು. ಮನೆಯ ಮುಂದಿನ ಕೋಣೆಯೇ ಅಂಗಡಿ, ಅದೇ ಗೋದಾಮು. ಸ್ಪೀಕರಿನ ಪೆಟ್ಟಿಗೆಗಳ ನಡುವೆ ಒಬ್ಬರು ಅಡ್ಡಡ್ಡ ನಡೆದು ಒಳಗೆ ಹೋಗುವಷ್ಟು ಜಾಗ; ದಪ್ಪಗಿನ ನೆಂಟರು ಬಂದರೆ ಹಿತ್ತಿಲ ಬಾಗಿಲಿನಿಂದ ಬರಬೇಕಿತ್ತು. ಗೋಡೆಗೆ ಹೊಡೆದ ಗೂಟಗಳಲ್ಲಿ ಸುರುಳಿ ಸುತ್ತಿದ ವೈರುಗಳು ನೇತಾಡುತ್ತಿದ್ದವು. ಸುತ್ತುವುದರಲ್ಲೂ ಅವನದೊಂದು ಹಟ. ಒಂದು ಸುತ್ತು ಮೇಲಿಂದ ಬಂದರೆ ಮುಂದಿನದು ಒಳಗಿನಿಂದ ಬರಬೇಕು, ಇಲ್ಲದಿದ್ದರೆ ವೈರು ಮುರುಟಿಕೊಂಡು ಒಳಗೊಳಗೇ ಮುರಿಯುತ್ತದೆ. ಮೊಣಕೈಗೆ ಬಿಗಿಯಾಗಿ ಸುತ್ತಿದವರನ್ನು ಅವನು ಮತ್ತೆ ಕೆಲಸಕ್ಕೆ ಕರೆಯುತ್ತಿರಲಿಲ್ಲ.

ಅವನ ಹೆಂಡತಿ ಹಾಡುಗಾರ್ತಿ. ಊರಿನ ಆರ್ಕೆಸ್ಟ್ರಾ ತಂಡದಲ್ಲಿ ಮದುವೆ ಆರತಕ್ಷತೆ, ಕಾರ್ಖಾನೆಗಳ ವಾರ್ಷಿಕೋತ್ಸವ, ಬೀಳ್ಕೊಡುಗೆ ಎಂದು ಹಾಡಿಕೊಂಡು ಬಂದವಳು. ತಂಡದವರಿಗೆಲ್ಲ ಅವಳು ಅಕ್ಕ. ಇಬ್ಬರ ಪರಿಚಯವಾದದ್ದೇ ಒಂದು ಜಗಳದಿಂದ. ಮೊದಲ ಸಲ ಅವನ ಮೈಕಿನ ಮುಂದೆ ನಿಂತಾಗ ಅವಳು ತುಟಿಯನ್ನು ಜಾಲರಿಗೆ ಅಂಟಿಸಿಕೊಂಡು ಹಾಡಿದ್ದಳು. 'ಪ' ಬಂದಾಗಲೆಲ್ಲ ಸ್ಪೀಕರು ಢಬ್ ಎನ್ನುತ್ತಿತ್ತು. ಇವನು ಎದ್ದು ಹೋಗಿ, ಎರಡು ಬೆರಳು ದೂರ ಇಟ್ಟುಕೊಳ್ಳಿ, ಮೇಲಿನ ಸ್ವರಕ್ಕೆ ಹೋಗುವಾಗ ಇನ್ನೊಂದು ಗೇಣು ಹಿಂದೆ ಸರಿಸಿ ಎಂದು ಹೇಳಿದ. ಹಾಡುವುದು ನನ್ನ ಕೆಲಸ, ವೈರು ಎಳೆಯುವುದು ನಿಮ್ಮ ಕೆಲಸ ಎಂದು ಅವಳು ಮುಖಕ್ಕೆ ಹೊಡೆದ ಹಾಗೆ ಹೇಳಿ ಕಳಿಸಿದಳು. ಆದರೆ ಮುಂದಿನ ಹಾಡಿಗೆ ಮೈಕು ಸರಿಯಾಗಿ ಎರಡು ಬೆರಳು ದೂರಕ್ಕೆ ಹೋಗಿತ್ತು, ಮೇಲಿನ ಸ್ವರಕ್ಕೆ ಒಂದು ಗೇಣು ಹಿಂದೆ ಸರಿದಿತ್ತು. ಆವತ್ತು ಸಭಾಂಗಣದ ಆ ತುದಿಯಲ್ಲಿ ಕೂತಿದ್ದ ಮೈಕಣ್ಣನಿಗೆ ತಾನು ಕೆಟ್ಟೆ ಎಂದು ಗೊತ್ತಾಗಿಹೋಯಿತು.

ಮದುವೆಯಾದ ಮೇಲೆ ಅವಳಿಗೆಂದೇ ಒಂದು ಒಳ್ಳೆಯ ಮೈಕು ತಂದ. ಹಿಡಿಗೆ ನೀಲಿ ಟೇಪು ಸುತ್ತಿದ. ಅದಕ್ಕೆ ಬೇರೆಯವರ ಬಾಯಿ ತಾಗಕೂಡದು ಎಂದು ಕಟ್ಟುನಿಟ್ಟು ಮಾಡಿದ. ಪ್ರತಿ ಕಾರ್ಯಕ್ರಮದ ಮರುದಿನ ಬೆಳಗ್ಗೆ ಅಡುಗೆಮನೆಯ ಸಿಂಕಿನ ಪಕ್ಕ ನಿಂತು ಅದರ ತಲೆ ತಿರುವಿ ಬಿಚ್ಚುತ್ತಿದ್ದ. ಒಳಗಿನ ಸ್ಪಂಜನ್ನು ಹೊರಗೆಳೆದು ಉಗುರುಬೆಚ್ಚಗಿನ ನೀರಿಗೆ ಒಂದು ತೊಟ್ಟು ಸೋಪು ಬೆರೆಸಿ ಅದರಲ್ಲಿ ಹಿಂಡುತ್ತಿದ್ದ. ಆಗೀಗ ಅವಳ ತುಟಿ ತಾಗಿ ಜಾಲರಿಯ ಕಣ್ಣುಗಳಲ್ಲಿ ಸಿಕ್ಕಿಕೊಂಡ ಬಣ್ಣ, ಒಣಗಿದ ಎಂಜಲು ಎಲ್ಲವನ್ನೂ ಮೆತ್ತಗಿನ ಬ್ರಷ್ಷಿನಿಂದ ಉಜ್ಜಿ ತೆಗೆಯುತ್ತಿದ್ದ. ಮೈಕಿನ ಮೈಗೆ ನೀರು ಸೋಕಿಸುತ್ತಿರಲಿಲ್ಲ. ಬರಿ ಒದ್ದೆ ಬಟ್ಟೆಯಲ್ಲಿ ಒರೆಸಿ, ಮೂತಿ ಕೆಳಗೆ ಮಾಡಿ ಇಡುತ್ತಿದ್ದ. ಸ್ಪಂಜು ನೆರಳಿನಲ್ಲಿ ಪೂರ್ತಿ ಒಣಗುವವರೆಗೆ ತಲೆಯನ್ನು ಮತ್ತೆ ಜೋಡಿಸುತ್ತಿರಲಿಲ್ಲ. ಹಸಿ ಉಳಿದರೆ ದನಿ ಹಿಡಿಯುವ ಭಾಗ ತುಕ್ಕು ಹಿಡಿಯುತ್ತದೆ ಎಂಬ ಭಯ. ಅವಳು ಪಕ್ಕದಲ್ಲಿ ತರಕಾರಿ ಹೆಚ್ಚುತ್ತಾ, ನನ್ನ ಒಂದು ಬಟ್ಟೆಯನ್ನಾದರೂ ಇಷ್ಟು ಪ್ರೀತಿಯಿಂದ ಒಗೆದಿದ್ದೀರಾ ಎಂದು ಕೆಣಕುತ್ತಿದ್ದಳು. ಬಟ್ಟೆ ಹಾಡುವುದಿಲ್ಲವಲ್ಲ ಎಂದು ಅವನ ಉತ್ತರ. ಸಂಸಾರ ಹೀಗೆ ನಡೆದುಕೊಂಡು ಬಂದಿತ್ತು. ಇಬ್ಬರ ತಲೆಯಲ್ಲೂ ನರೆ ಕಾಣಿಸಿಕೊಂಡಿತ್ತು.

ಒಂದು ಸಂಜೆ, ಆರತಕ್ಷತೆಯೊಂದರಲ್ಲಿ, ಅವಳು ಮೇಲಿನ ಸ್ವರಕ್ಕೆ ಹೋದಾಗ ದನಿಗೆ ಬಟ್ಟೆ ಮುಚ್ಚಿದಂತಾಯಿತು. ಕೇಳುವವರಿಗೆ ಯಾರಿಗೂ ಗೊತ್ತಾಗಲಿಲ್ಲ. ಊಟದ ಕಡೆ ಗಮನ ಇದ್ದವರಿಗೆ ಗೊತ್ತಾಗುವಂಥದ್ದೂ ಅಲ್ಲ. ಮೈಕಣ್ಣನ ಹುಬ್ಬು ಮಾತ್ರ ಗಂಟಿಕ್ಕಿತು. ಸ್ಪಂಜು ಕಟ್ಟಿಕೊಂಡಿದೆ ಎಂದುಕೊಂಡ. ಈ ಕಸುಬಿನಲ್ಲಿ ಕೈ ನುರಿತ ಯಾರನ್ನೇ ಕೇಳಿ, ದನಿ ಮಂಕಾಯಿತು ಅಂದರೆ ಮೊದಲು ಸ್ಪಂಜು ನೋಡು ಎನ್ನುತ್ತಾರೆ. ಮರುದಿನ ಬಿಚ್ಚಿ ನೋಡಿದರೆ ನಿಜಕ್ಕೂ ಒಂದಿಷ್ಟು ಧೂಳು ಕೂತಿತ್ತು. ಎಂದಿಗಿಂತ ಹೆಚ್ಚು ಹೊತ್ತು ತಿಕ್ಕಿ ತೊಳೆದ. ಮುಂದಿನ ಕಾರ್ಯಕ್ರಮದಲ್ಲಿ ದನಿ ಸ್ವಲ್ಪ ತಿಳಿಯಾದಂತೆ ಕೇಳಿಸಿತು. ಆ ಧೂಳು ಅವತ್ತು ಅಲ್ಲಿ ಇಲ್ಲದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅವನಿಗೆ ಈಗಲೂ ಅನ್ನಿಸುತ್ತದೆ.

ಸ್ವಲ್ಪ ದಿನಕ್ಕೆ ಮತ್ತೆ ಅದೇ ಮಂಕು. ಈ ಸಲ ಸ್ಪಂಜನ್ನೇ ಬದಲಾಯಿಸಿದ. ಆಮೇಲೆ ವೈರಿನ ತುದಿ ಬಿಚ್ಚಿ ಹೊಸದಾಗಿ ಬೆಸುಗೆ ಹಾಕಿದ. ಮಿಕ್ಸರಿನಲ್ಲಿ ಅವಳ ಸಾಲಿನಲ್ಲಿ ದನಿಯನ್ನು ಚೂಪು ಮಾಡುವ ಟ್ರೆಬಲ್ ತಿರುಗಣೆಯನ್ನು ಕೂದಲೆಳೆಯಷ್ಟು ಏರಿಸಿದ. ಮುಂದಿನ ತಿಂಗಳು ಇನ್ನೊಂದು ಕೂದಲೆಳೆ. ಕೊನೆಗೆ ಮೈಕಿನೊಳಗೆ ದನಿ ಹಿಡಿಯುವ ಭಾಗವನ್ನೇ ಕಿತ್ತು, ಹೊಸದನ್ನು ತರಿಸಿ ಕೂರಿಸಿದ. ದಿನವಿಡೀ ದೀಪದ ಕೆಳಗೆ ಬೆನ್ನು ಬಾಗಿಸಿ ಕೂತು ಆ ಕೆಲಸ ಮಾಡಿದ. ಅವಳು ಕಾಫಿ ತಂದಿಟ್ಟು, ಸರಿಹೋಗುತ್ತಾ ಎಂದು ಕೇಳಿದಳು. ಸರಿಹೋಗದೆ ಏನು, ಹಳೇ ಮೈಕು ತಾನೇ, ವಯಸ್ಸಾಯ್ತು ಎಂದು ಅವನು ಹೇಳಿದ. ಅವಳು ಬಿಸಿನೀರು ಕುಡಿಯುವುದನ್ನು ಹೆಚ್ಚು ಮಾಡಿದ್ದಳು. ತಂಡದ ಯಜಮಾನನಾದ ಕೀಬೋರ್ಡಿನವನಿಗೆ ಹೇಳಿ ಒಂದೊಂದೇ ಹಾಡಿನ ಶ್ರುತಿ ಇಳಿಸಿಕೊಂಡಿದ್ದಳು. ಕೆಳಗಿನ ಶ್ರುತಿಯಲ್ಲಿ ಹಾಡಿಗೆ ತೂಕ ಬರುತ್ತದೆ ಎಂದು ಅವಳು ಹೇಳಿದರೆ, ಹೌದಕ್ಕಾ ಎಂದು ಅವನು ತಲೆಯಾಡಿಸಿದ.

ಒಂದು ಕೆಲಸವನ್ನು ಮಾತ್ರ ಮೈಕಣ್ಣ ಮಾಡಲಿಲ್ಲ. ತನ್ನ ಕೈಕೆಳಗೆ ಕೆಲಸ ಕಲಿತವರಿಗೆಲ್ಲ ಅವನು ಹೇಳಿಕೊಡುತ್ತಿದ್ದ ಮೊದಲ ಪಾಠ ಅದು. ದನಿಯಲ್ಲಿ ದೋಷ ಕಂಡರೆ ಬಿಚ್ಚಲು ಹೋಗಬೇಡ, ಮೊದಲು ಅದಲುಬದಲು ಮಾಡಿ ನೋಡು. ಈ ಮೈಕಿನಲ್ಲಿ ಬೇರೆಯವರನ್ನು ಮಾತಾಡಿಸು, ಅವರನ್ನು ಬೇರೆ ಮೈಕಿನಲ್ಲಿ ಮಾತಾಡಿಸು, ದೋಷ ಎಲ್ಲಿದೆ ಅಂತ ತಾನಾಗಿಯೇ ಗೊತ್ತಾಗುತ್ತೆ. ಎರಡು ನಿಮಿಷದ ಕೆಲಸ. ಯಾಕೆ ಮಾಡಲಿಲ್ಲ ಎಂದು ಕೇಳಿದ್ದರೆ, ಅವಳ ಮೈಕಿಗೆ ಬೇರೆಯವರ ಬಾಯಿ ತಾಗಕೂಡದಲ್ಲ ಎನ್ನುತ್ತಿದ್ದನೇನೋ. ಅದು ಅರ್ಧ ನಿಜ. ಇನ್ನರ್ಧವನ್ನು ಮುಟ್ಟಿ ನೋಡುವ ಧೈರ್ಯ ಅವನಿಗಿರಲಿಲ್ಲ. ಪಕ್ಕದೂರಿನಲ್ಲಿದ್ದ ನಾದಿನಿ ಒಮ್ಮೆ ಫೋನಿನಲ್ಲಿ ಅಕ್ಕನ ಜೊತೆ ಮಾತಾಡಿ, ಆಮೇಲೆ ಇವನನ್ನು ಕರೆಸಿ, ಭಾವ, ಅಕ್ಕನ ಗಂಟಲಿಗೆ ಏನಾಗಿದೆ, ತೋರಿಸಿದಿರಾ ಎಂದು ವಿಚಾರಿಸಿದಳು. ನಿನ್ನ ಫೋನು ಹಾಳಾಗಿರಬೇಕು ಎಂದು ಅವಳಿಗೇ ಗದರಿದ.

ಒಂದು ಕಾರ್ಖಾನೆಯ ಸಭಾಂಗಣದಲ್ಲಿ ಬೀಳ್ಕೊಡುಗೆ. ಲೋಹದ ಮಡಿಚುಕುರ್ಚಿಗಳು, ವೇದಿಕೆಯ ಮೇಲೆ ಕಾಗದದ ಹೂವು, ನಿವೃತ್ತನಾಗುತ್ತಿದ್ದ ಮುದುಕನ ಕೊರಳಲ್ಲಿ ಭಾರದ ಹಾರ. ಹಾಡುಗಳ ನಡುವೆ ಯಾರೋ, ಅವರ ಮನೆಯವರೂ ಎರಡು ಮಾತಾಡಲಿ ಎಂದರು. ಮುದುಕನ ಹೆಂಡತಿ ನಾಚಿಕೊಂಡು ಬೇಡ ಬೇಡ ಎನ್ನುತ್ತಲೇ ವೇದಿಕೆ ಹತ್ತಿದರು. ನಿರೂಪಕನ ಮೈಕು ಆ ಕೊನೆಯಲ್ಲಿತ್ತು. ಅವನು ಅದನ್ನು ಹಿಡಿದು ಬರುವಷ್ಟರಲ್ಲಿ ಹಾಡುಗಾರ್ತಿ ತನ್ನ ಕೈಯಲ್ಲಿದ್ದ ನೀಲಿ ಟೇಪಿನ ಮೈಕನ್ನು ಆ ಅಮ್ಮನಿಗೆ ಕೊಟ್ಟುಬಿಟ್ಟಳು.

ಮೈಕಣ್ಣ ಕುರ್ಚಿಯಿಂದ ಅರ್ಧ ಎದ್ದ. ಅಷ್ಟರಲ್ಲಿ ಆ ಅಮ್ಮ, ಎಲ್ಲರಿಗೂ ನಮಸ್ಕಾರ ಎಂದರು. ಆ ಎರಡು ಶಬ್ದ ಚಾಕುವಿನ ಹಾಗೆ ಹೊರಬಂದವು. ಹಿಂದೆಯೇ ನಾಲ್ಕೂ ಸ್ಪೀಕರುಗಳು ಕಿವಿ ಕಿತ್ತುಹೋಗುವಂತೆ ಸೀಟಿ ಹೊಡೆದವು. ಜನ ಕಿವಿ ಮುಚ್ಚಿಕೊಂಡರು. ಅಮ್ಮ ಮೈಕನ್ನು ಹಾವು ಹಿಡಿದವರಂತೆ ದೂರಕ್ಕೆ ಚಾಚಿದರು. ಮೈಕಣ್ಣನ ಕೈ ತಿರುಗಣೆಗಳ ಮೇಲೆ ಓಡಿತು. ತಿಂಗಳುಗಟ್ಟಲೆ ಕೂದಲೆಳೆ ಕೂದಲೆಳೆಯಾಗಿ ತಾನೇ ಏರಿಸುತ್ತಾ ಬಂದಿದ್ದ ಟ್ರೆಬಲ್ಲು ಪೂರ್ತಿ ಕೊನೆಗೆ ಹೋಗಿ ನಿಂತಿತ್ತು. ಅದನ್ನು ಹಿಂದಕ್ಕೆ ತಿರುಗಿಸಿದ, ದನಿಯ ಮಟ್ಟವನ್ನು ಇಳಿಸಿದ, ಎಲ್ಲವನ್ನೂ ತಂದು ನಡುವಿಗೆ ನಿಲ್ಲಿಸಿದ. ಆ ಅಮ್ಮ ಧೈರ್ಯ ತಂದುಕೊಂಡು ಮತ್ತೆ ಮಾತು ಶುರುಮಾಡಿದರು. ಈಗ ಅವರ ದನಿ ಗಂಟೆ ಹೊಡೆದ ಹಾಗೆ ಸ್ಪಷ್ಟವಾಗಿ ಸಭಾಂಗಣ ತುಂಬಿತು. ನಾಳೆಯಿಂದ ಈ ಮನುಷ್ಯ ಇಡೀ ದಿನ ಮನೆಯಲ್ಲಿರುತ್ತಾರೆ, ನನ್ನ ಗತಿಯೇನು ಅಂತ ಯಾರಾದರೂ ಯೋಚನೆ ಮಾಡಿದಿರಾ ಎಂದು ಅವರು ಕೇಳಿದಾಗ ಜನ ಬಿದ್ದು ಬಿದ್ದು ನಕ್ಕರು.

ಮೈಕಣ್ಣನಿಗೆ ಆ ನಗು ಕೇಳಿಸಲಿಲ್ಲ. ಮೈಕು ಸರಿಯಾಗಿತ್ತು. ಮೊದಲಿಂದಲೂ ಸರಿಯಾಗಿಯೇ ಇತ್ತು. ತಲೆ ಎತ್ತಿ ನೋಡಿದ. ವೇದಿಕೆಯ ಬದಿಯಲ್ಲಿ ಬರಿಗೈಯಲ್ಲಿ ನಿಂತಿದ್ದ ಹೆಂಡತಿ ಅಷ್ಟು ಜನರ ತಲೆಗಳ ಮೇಲಿಂದ ಅವನನ್ನೇ ನೋಡುತ್ತಿದ್ದಳು. ಅವನು ಕಣ್ಣು ತಪ್ಪಿಸಿದ.

ಅದಾದ ಮೇಲೆ ಅವಳಿಗೆ ಇನ್ನೊಂದು ಹಾಡು ಬಾಕಿಯಿತ್ತು. ಅವಳು ಬಂದು ನಿಂತಳು, ಮೈಕನ್ನು ಎರಡು ಬೆರಳು ದೂರಕ್ಕೆ ಹಿಡಿದಳು. ಅವನ ಕೈ ಅಭ್ಯಾಸ ಬಲದಿಂದ ಟ್ರೆಬಲ್ಲಿನ ಕಡೆಗೆ ಹೋಯಿತು, ಹೋಗಿ ಹಿಂದೆ ಬಂತು. ತಿರುಗಣೆ ನಡುವಿನಲ್ಲೇ ಉಳಿಯಿತು. ಎಷ್ಟೋ ತಿಂಗಳ ಮೇಲೆ ಅವನು ತನ್ನ ಹೆಂಡತಿಯ ದನಿಯನ್ನು ಇದ್ದ ಹಾಗೇ ಕೇಳಿದ. ಅದು ಒರಟಾಗಿತ್ತು, ಒಡೆದಿತ್ತು, ಸಾಲಿನ ಕೊನೆ ಮುಟ್ಟುವ ಮೊದಲೇ ಉಸಿರಾಗಿಬಿಡುತ್ತಿತ್ತು. ಮೇಲಿನ ಸ್ವರ ಬಂದಾಗ ಅವಳು ಬಾಯಿ ತೆರೆದಳು, ಅಲ್ಲಿ ಏನೂ ಇರಲಿಲ್ಲ. ಕೀಬೋರ್ಡಿನವನು ಜಾಣತನದಿಂದ ಆ ಜಾಗವನ್ನು ತುಂಬಿದ. ಜನ ತಟ್ಟೆ ಹಿಡಿದು ಎದ್ದಿದ್ದರು. ಅವಳು ಹಾಡಿದ ಕೊನೆಯ ಹಾಡನ್ನು ಕೂತು ಕೇಳಿದವನು ಅವನೊಬ್ಬನೇ.

ವ್ಯಾನಿನಲ್ಲಿ ಮನೆಗೆ ಹೊರಟರು. ಬೀದಿ ತಿರುಗುವಾಗ ಅವಳೇ, ನಾಳೆ ಡಾಕ್ಟರ ಹತ್ತಿರ ಹೋಗಿ ಬರೋಣ ಎಂದಳು. ಅವನು ಹೂಂ ಎಂದ.

ಗಂಟಲಿನ ಡಾಕ್ಟರು ಮೂಗಿನಿಂದ ಸಣ್ಣ ಕೊಳವೆ ಇಳಿಸಿ ಪರದೆಯ ಮೇಲೆ ನೋಡಿದರು. ದನಿ ಎಷ್ಟು ಕಾಲದಿಂದ ಹೀಗಿದೆ ಎಂದು ಕೇಳಿದರು. ಸ್ವಲ್ಪ ದಿನದಿಂದ ಎಂದು ಮೈಕಣ್ಣ ಹೇಳಿದ. ತುಂಬ ದಿನದಿಂದ ಎಂದು ಅವಳು ತಿದ್ದಿದಳು. ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿ, ಫಲಿತಾಂಶ ಬಂದ ಮೇಲೆ ಡಾಕ್ಟರು ಸುತ್ತುಬಳಸದೆ ಹೇಳಿದರು. ಗಂಟಲಿನಲ್ಲಿ ಕ್ಯಾನ್ಸರ್ ಗಡ್ಡೆ. ಶುರುವಿನಲ್ಲೇ ಬಂದಿದ್ದರೆ ವಿಕಿರಣ ಕೊಟ್ಟು ದನಿ ಉಳಿಸಿಕೊಳ್ಳಬಹುದಿತ್ತು. ಈಗ ಜೀವ ಉಳಿಯಬೇಕಾದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು. ಆಮೇಲೆ ಕತ್ತಿನಲ್ಲಿ ಮಾಡಿದ ತೂತಿನಿಂದಲೇ ಉಸಿರಾಟ. ಡಾಕ್ಟರು ಒಬ್ಬರನ್ನೂ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಆಪರೇಷನ್ನಿನ ಹಿಂದಿನ ದಿನ ಮಧ್ಯಾಹ್ನ. ಆಸ್ಪತ್ರೆಯ ಕಿಟಕಿಯಿಂದ ಬಿಸಿಲು ಬಂದು ಅವಳ ಹೊದಿಕೆಯ ಮೇಲೆ ಬಿದ್ದಿತ್ತು. ಅಕ್ಕನನ್ನು ನೋಡಿಕೊಳ್ಳಲೆಂದು ಬಂದಿದ್ದ ನಾದಿನಿ ಔಷಧಿ ತರಲು ಕೆಳಗೆ ಹೋಗಿದ್ದಳು. ಅವನು ಚೀಲದಿಂದ ಧ್ವನಿ ಮುದ್ರಿಸುವ ಯಂತ್ರವನ್ನೂ ಅವಳ ಮೈಕನ್ನೂ ಮೆಲ್ಲಗೆ ಹೊರಗೆ ತೆಗೆದ. ಅವಳು ನೋಡಿ ತಲೆಯಾಡಿಸಿದಳು.

"ಬೇಡ. ಆಮೇಲೆ ಅದನ್ನೇ ಹಾಕ್ಕೊಂಡು ಮೂಲೇಲಿ ಕೂತಿರ್ತೀರಿ. ನಿಮ್ಮನ್ನ ಎಬ್ಬಿಸೋಕೆ ನನಗೆ ಕೂಗೋಕೂ ಆಗಲ್ಲ."

ಅವನು ಎರಡನ್ನೂ ಚೀಲಕ್ಕೆ ಹಾಕಿದ. ಹಾಕಿ, ಚೀಲದ ಜಿಪ್ಪನ್ನು ಎಳೆಯುತ್ತಾ, ಅವಳ ಮುಖ ನೋಡದೆ ಹೇಳಿದ.

"ನನಗೆ ಮೊದಲನೇ ದಿನಾನೇ ಕೇಳಿಸಿತ್ತು ಕಣೇ. ಊರಿಗೆಲ್ಲ ಮೊದಲು ನನಗೇ ಕೇಳಿಸಿದ್ದು. ಸ್ಪಂಜು ಅಂದ್ಕೊಂಡೆ. ಅಂದ್ಕೊಂಡೆ ಅನ್ನೋದೂ ಸುಳ್ಳು. ಸ್ಪಂಜೇ ಆಗಿರ್ಲಿ ಅಂತ ಇದ್ದೆ."

"ಗಂಟಲು ನಂದು. ನನಗೆ ಗೊತ್ತಾಗದೆ ಇರುತ್ತಾ?" ಅವಳ ದನಿ ಸವೆದು ಬರಿ ಗೊರಗೊರ ಆಗಿತ್ತು. "ನೀವು ಮೈಕ್ ಬಿಚ್ಕೊಂಡು ಕೂತಾಗೆಲ್ಲ, ಇನ್ನೊಂದು ಕಾರ್ಯಕ್ರಮ ಸಿಕ್ತು ಅಂದ್ಕೊತಿದ್ದೆ. ಡಾಕ್ಟರ ಹತ್ರ ಹೋದ್ರೆ ಹಾಡ್ಬೇಡಮ್ಮ ಅಂತಾರೆ. ಹಾಡು ಬಿಟ್ಟು ನಾನು ಏನ್ ಮಾಡ್ಲಿ ಹೇಳಿ."

"ಮತ್ತೆ ಆವತ್ತು ಆ ಅಮ್ಮನಿಗೆ ಯಾಕೆ ಕೊಟ್ಟೆ?"

"ಬೇಕಂತಲೇ ಕೊಟ್ಟೆ. ಸಾಕಾಗಿತ್ತು ರೀ. ನಾನಾಗಿ ಹೇಳೋಕೆ ಬಾಯಿ ಬರ್ಲಿಲ್ಲ. ಹೇಳಿದ್ರೂ ನೀವು ನಂಬ್ತಿರ್ಲಿಲ್ಲ. ಸ್ಪೀಕರ್ ಹೇಳಿದ್ದನ್ನ ಮಾತ್ರ ನಂಬೋ ಗಿರಾಕಿ ನೀವು."

ಇಬ್ಬರಿಗೂ ನಗು ಬಂತು. ನಗುತ್ತಿದ್ದಂತೆ ಅವನು ಮಂಚದ ಅಂಚಿಗೆ ಹಣೆ ಹಚ್ಚಿ ಅತ್ತುಬಿಟ್ಟ. ಅವಳು ಅವನ ತಲೆ ನೇವರಿಸಿದಳು. ಆಮೇಲೆ ಸಂಜೆಯವರೆಗೂ ಅವಳು ಮಾತಾಡುತ್ತಲೇ ಇದ್ದಳು. ಬೀರುವಿನ ಇನ್ನೊಂದು ಬೀಗದ ಕೈ ಯಾವ ಡಬ್ಬಿಯಲ್ಲಿದೆ, ಹಾಲಿನವನಿಗೆ ಏನು ಹೇಳಬೇಕು, ಹಿತ್ತಿಲ ಬಾಗಿಲಿನ ಚಿಲಕ ಹೇಗೆ ಎತ್ತಿ ಎಳೆಯಬೇಕು, ತಂಗಿ ಉಪ್ಪು ಜಾಸ್ತಿ ಹಾಕಿದರೆ ಮುಖ ಸಿಂಡರಿಸಬಾರದು. ಹಾಡಲಿಲ್ಲ. ಒಂದು ಸಾಲನ್ನೂ ಗುನುಗಲಿಲ್ಲ. ಅವನು ಹೂಂ ಹೂಂ ಎನ್ನುತ್ತಾ ಕೂತಿದ್ದ. ಬೀಗದ ಕೈ ಯಾವ ಡಬ್ಬಿಯಲ್ಲಿದೆ ಎಂಬುದು ಅವನ ತಲೆಗೆ ಹೋಗಲೇ ಇಲ್ಲ, ದನಿಯನ್ನಷ್ಟೇ ಕೇಳಿಸಿಕೊಳ್ಳುತ್ತಿದ್ದ.

ಆಪರೇಷನ್ನು ಚೆನ್ನಾಗಿ ಆಯಿತು ಎಂದರು. ಅವಳು ಮನೆಗೆ ಬಂದಳು. ಕತ್ತಿನ ತೂತಿನ ಮುಂದೆ ಒಂದು ತೆಳು ಬಿಳಿ ಬಟ್ಟೆಯ ಪಟ್ಟಿ ಇಳಿಬಿಟ್ಟಿರುತ್ತಿತ್ತು. ಮೊದಮೊದಲು ಕನ್ನಡಿಯ ಮುಂದೆ ನಿಲ್ಲುತ್ತಿರಲಿಲ್ಲ. ದಿನ ಕಳೆದಂತೆ ತಂಗಿಯ ಜೊತೆ ತುಟಿಯಾಡಿಸಿ, ಕೈಬಾಯಿ ಮಾಡಿ ಜಗಳವಾಡುವಷ್ಟು ಚೇತರಿಸಿಕೊಂಡಳು. ಅವನನ್ನು ಕರೆಯಬೇಕಾದರೆ ಚಪ್ಪಾಳೆ ತಟ್ಟುತ್ತಿದ್ದಳು. ಅವಳ ತುಟಿಯ ಮಾತು ನಾದಿನಿಗೆ ಬೇಗ ಅರ್ಥವಾಗುತ್ತಿತ್ತು, ಅವನಿಗೆ ಆಗುತ್ತಿರಲಿಲ್ಲ. ಜೀವಮಾನವೆಲ್ಲ ಕಿವಿಯಲ್ಲೇ ಬದುಕಿದವನಿಗೆ ಕಣ್ಣಿನಲ್ಲಿ ಮಾತು ಕೇಳುವುದು ಹೇಗೆ ಬರಬೇಕು? ಅವಳು ಒಂದೇ ಮಾತನ್ನು ಮೂರು ಸಲ ತುಟಿಯಲ್ಲಿ ಹೇಳಿ, ಇವನು ಪೆಚ್ಚಾಗಿ ನಿಂತರೆ, ಹೋಗಲಿ ಬಿಡಿ ಎಂದು ಕೈ ಬೀಸಿ ತಾನೇ ಎದ್ದು ಹೋಗುತ್ತಿದ್ದಳು. ಅವನು ಅಡುಗೆಮನೆಯಲ್ಲಿ ಕೂರುವುದನ್ನು ಬಿಟ್ಟು ಮುಂದಿನ ಕೋಣೆಯಲ್ಲೇ ಹೆಚ್ಚು ಹೊತ್ತು ಕಳೆಯತೊಡಗಿದ. ಹೆಂಡತಿ ಒಳಗೆ ಬದುಕಿ ಓಡಾಡಿಕೊಂಡಿದ್ದರೂ ಆ ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆ ಎಂಬ ಹಾಗೆ ಅವನು ಇದ್ದ.

ಅದಕ್ಕೊಂದು ಕಾರಣವೂ ಇತ್ತು. ಮುಂದಿನ ಕೋಣೆಯ ಮೇಲಿನ ಹಲಗೆಯಲ್ಲಿ, ಹಳದಿ ಬಟ್ಟೆ ಸುತ್ತಿ, ನೀಲಿ ಟೇಪಿನ ಮೈಕನ್ನು ಪೆಟ್ಟಿಗೆಯೊಳಗೆ ಇಟ್ಟಿದ್ದ. ಕಾರ್ಖಾನೆಯ ಆ ಸಂಜೆಯ ನಂತರ ಅದರ ತಲೆ ಬಿಚ್ಚಿರಲಿಲ್ಲ, ತೊಳೆದಿರಲಿಲ್ಲ. ಆ ಅಮ್ಮ ಅದರಲ್ಲಿ ಆಡಿದ ನಾಲ್ಕು ಮಾತನ್ನು ಅವನು ಲೆಕ್ಕಕ್ಕೇ ಹಿಡಿದಿರಲಿಲ್ಲ. ನಾದಿನಿ ಪೇಟೆಗೆ ಹೋದಾಗ, ಹೆಂಡತಿ ಮಲಗಿದಾಗ, ಪೆಟ್ಟಿಗೆ ತೆಗೆದು ಜಾಲರಿಗೆ ಮೂಗು ಹಚ್ಚುತ್ತಿದ್ದ. ತುಟಿಯ ಬಣ್ಣದ ವಾಸನೆ, ಗಂಟಲಿಗೆಂದು ಅವಳು ಚೀಪುತ್ತಿದ್ದ ಪೆಪ್ಪರಮಿಂಟಿನ ವಾಸನೆ, ಅದರಡಿಯಲ್ಲಿ ಹಳಸಲಾದ ಉಸಿರಿನ ವಾಸನೆ. ಮೈಕಿಗೆ ಎಂಜಲು ಹತ್ತಿಸಿದರೆಂದು ಊರನ್ನೆಲ್ಲ ಗದರುತ್ತಿದ್ದ ಮನುಷ್ಯ ಈಗ ಆ ಎಂಜಲನ್ನೇ ಬಟ್ಟೆಯಲ್ಲಿ ಸುತ್ತಿ ಕಾಪಾಡುತ್ತಿದ್ದ. ಬೇರೆಯವರಾಗಿದ್ದರೆ ನಗಬಹುದಿತ್ತು. ಅವನನ್ನು ಹಾಗೆ ಕಂಡಿದ್ದರೆ ನಗಲು ಮನಸ್ಸಾಗುತ್ತಿರಲಿಲ್ಲ.

ಒಂದು ಬೆಳಗ್ಗೆ ಕೀಬೋರ್ಡಿನವನು ಬಂದ. ಪೆಟ್ಟಿಗೆಯೊಂದರ ಮೇಲೆ ಕೂತು ಅದೂ ಇದೂ ಮಾತಾಡಿ, ಕೊನೆಗೆ ಕಷ್ಟಪಟ್ಟು ವಿಷಯಕ್ಕೆ ಬಂದ. ತಂಡಕ್ಕೆ ಹೊಸ ಹಾಡುಗಾರ್ತಿ ಸಿಕ್ಕಿದ್ದಾಳೆ. ದನಿ ತೆಳು, ಸಿಕ್ಕಿದ ಮೈಕಿನಲ್ಲೆಲ್ಲ ಹಾಡಿದರೆ ಕಳೆದುಹೋಗುತ್ತದೆ. ಅಕ್ಕನ ಮೈಕಿದ್ದರೆ ಒಂದು ದಾರಿಯಾಗುತ್ತಿತ್ತು. ಮೈಕಣ್ಣ ಮೇಲಿನ ಹಲಗೆಯತ್ತ ಕಣ್ಣೆತ್ತಲೂ ಇಲ್ಲ.

"ಅದು ಕೆಟ್ಟುಹೋಗಿದೆಯಪ್ಪ," ಎಂದ. "ಇನ್ನು ಕೆಲಸಕ್ಕೆ ಬರಲ್ಲ."

ಒಳಬಾಗಿಲಿನಲ್ಲಿ ಹೆಂಡತಿ ನಿಂತಿದ್ದಳು. ಯಾವಾಗ ಬಂದು ನಿಂತಳೋ, ಅವಳ ಸಪ್ಪಳ ಈಗ ಗೊತ್ತಾಗುತ್ತಿರಲಿಲ್ಲ. ಕೀಬೋರ್ಡಿನವನು ಎದ್ದು, ಅಕ್ಕಾ ಹೇಗಿದೀರಿ ಎಂದು ಕೈ ಮುಗಿದ. ಅವಳು ನಕ್ಕು ತಲೆಯಾಡಿಸಿದಳು. ಗಂಡನತ್ತ ಒಂದು ಸಲ ನೋಡಿ ಒಳಗೆ ಹೋದಳು.

ಕೀಬೋರ್ಡಿನವನನ್ನು ಬೀದಿಯ ಕೊನೆಯವರೆಗೆ ಬಿಟ್ಟು ಮೈಕಣ್ಣ ವಾಪಸು ಬಂದಾಗ ಮೇಲಿನ ಹಲಗೆ ಖಾಲಿ. ಕೆಳಗೆ ಒಂದು ಸ್ಟೂಲು, ಪಕ್ಕದಲ್ಲಿ ಹಳದಿ ಬಟ್ಟೆ. ಪೆಟ್ಟಿಗೆಗಳಿಗೆ ಢಿಕ್ಕಿ ಹೊಡೆಯುತ್ತಾ ಒಳಗೆ ಓಡಿದ. ಅವಳು ಸಿಂಕಿನ ಮುಂದೆ ನಿಂತಿದ್ದಳು. ಮೈಕಿನ ಮೈ ಒಣ ಬಟ್ಟೆಯ ಮೇಲೆ, ಮೂತಿ ಕೆಳಗಾಗಿ, ಅವನು ಇಡುತ್ತಿದ್ದ ಹಾಗೆಯೇ ಇತ್ತು. ಜಾಲರಿ ಒಂದು ಬಟ್ಟಲಿನ ನೀರಿನಲ್ಲಿತ್ತು. ಸ್ಪಂಜು ಅವಳ ಅಂಗೈಯಲ್ಲಿತ್ತು.

"ಬೇಡ ಕಣೇ," ಎಂದ. "ಅದನ್ನ ತೊಳೀಬೇಡ. ಅದರಲ್ಲಿ ನಿನ್ನ ಉಸಿರಿದೆ. ನನಗೆ ಉಳಿದಿರೋದು ಅಷ್ಟೇ."

ಅವಳು ತಿರುಗಿ ಅವನನ್ನು ನೋಡಿದಳು. ಅವಳ ಮುಖದಲ್ಲಿ ಸಿಟ್ಟು ಬಂತು. ಅಂಥ ಸಿಟ್ಟನ್ನು ಅವನು ಅವಳಲ್ಲಿ ಕಂಡಿರಲಿಲ್ಲ. ತುಟಿ ಬೇಗ ಬೇಗ ಆಡಿತು, ಒಂದು ಶಬ್ದವೂ ಅವನಿಗೆ ಗೊತ್ತಾಗಲಿಲ್ಲ. ಅವಳು ನಲ್ಲಿ ತಿರುವಿದಳು, ಸ್ಪಂಜನ್ನು ನೀರಿನ ಕೆಳಗೆ ಹಿಡಿದು ಹಿಂಡಿದಳು. ನೀರು ತಿಳಿಗೆಂಪಾಗಿ ಇಳಿಯಿತು. ಮತ್ತೆ ಹಿಂಡಿದಳು. ಎರಡು ಹೆಜ್ಜೆ ಮುಂದೆ ಹೋಗಿ ಕೈ ಹಿಡಿದರೆ ನಿಲ್ಲಿಸಬಹುದಿತ್ತು. ನಿಂತಲ್ಲೇ ನಿಂತು ಮಗುವಿನ ಹಾಗೆ ಅಳತೊಡಗಿದ. ಬಣ್ಣ ಪೂರ್ತಿ ಹೋಗಿ ನೀರು ತಿಳಿಯಾಗುವವರೆಗೂ ಅವಳು ಬಿಡಲಿಲ್ಲ.

ಆಮೇಲೆ ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಅವನ ಹತ್ತಿರ ಬಂದಳು. ಕತ್ತಿನ ಮುಂದಿನ ಬಿಳಿ ಪಟ್ಟಿಯನ್ನು ಒಂದು ಕೈಯಿಂದ ಮೇಲೆತ್ತಿದಳು. ಇಷ್ಟು ದಿನ ಅದನ್ನು ಅವನೆದುರು ಎತ್ತಿರಲಿಲ್ಲ, ಅವನೂ ನೋಡುತ್ತೇನೆಂದು ಕೇಳಿರಲಿಲ್ಲ. ಇನ್ನೊಂದು ಕೈಯಿಂದ ಅವನ ಅಂಗೈ ಎಳೆದು ಆ ತೂತಿನ ಮುಂದೆ ಹಿಡಿದಳು. ಬೆಚ್ಚಗಿನ ಉಸಿರು ಅಂಗೈಗೆ ಬಂದು ತಾಗಿತು, ನಿಂತಿತು, ಮತ್ತೆ ತಾಗಿತು. ಅವಳ ತುಟಿ ಆಡಿತು, ಈ ಸಲ ನಿಧಾನವಾಗಿ, ಒಂದೊಂದೇ ಅಕ್ಷರವಾಗಿ. ಇಲ್ಲಿದೀನಲ್ಲ. ಅವಳ ಬಾಯಿಂದ ಅವನು ಕಣ್ಣಿನಲ್ಲಿ ಕೇಳಿಸಿಕೊಂಡ ಮೊದಲ ಮಾತು ಅದು. ನಲ್ಲಿ ಸುರಿಯುತ್ತಲೇ ಇತ್ತು, ಇಬ್ಬರೂ ಅದನ್ನು ನಿಲ್ಲಿಸಲು ಹೋಗಲಿಲ್ಲ.